ಕಾರಹುಣ್ಣಿಮೆಗೂ ಒಂದು ರಜೆ ಹಾಕೋಣ

ಜಪಾನಿನಲ್ಲಿ ಆಗಸ್ಟ್ ಮಧ್ಯದಲ್ಲಿ ಹಿರಿಯರನ್ನು ನೆನೆಯುವ 'ಓಬೋನ್' ಎಂಬ ಬೇಸಿಗೆ ಹಬ್ಬ. ಅದು ಸರ್ಕಾರಿ ರಜೆಯಲ್ಲ. ಆದರೂ ಕಂಪನಿಗಳು ರಜೆ ಕೊಡುತ್ತವೆ, ನೌಕರರು ಹುಟ್ಟೂರಿಗೆ ಹೋಗುತ್ತಾರೆ.

ನಮ್ಮ ಕಾರಹುಣ್ಣಿಮೆಗೂ ಸರ್ಕಾರಿ ರಜೆಯಿಲ್ಲ. ಬೆಂಗಳೂರು, ಪುಣೆಯಲ್ಲಿ ದುಡಿಯುವ ಯಾದಗಿರಿ, ಶಹಾಪುರ, ಸುರಪುರದ ನಾವು ದೀಪಾವಳಿಗೆ ಬರುತ್ತೇವೆ, ಇದಕ್ಕೆ ಬರುವುದಿಲ್ಲ. ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯಲು ಓಡಿಸುವ ಹಬ್ಬವಿದು. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ, ಕೆಂದೆತ್ತು ಬಂದರೆ ಮುಂಗಾರಿ ಬೆಳೆ ಚಲೋ ಎಂಬ ನಂಬಿಕೆ.

ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದದ್ದು ನಿಜ. ಆದರೆ ಹಗ್ಗ ಹಿಡಿಯುವ ಹುಡುಗರೂ ಇಲ್ಲವಾದರೆ ಉಳಿದ ಜೋಡಿಗಳನ್ನು ಓಡಿಸುವವರು ಯಾರು? ಗೆಳೆಯರೇ, ಒಂದು ದಿನ ರಜೆ ಕೇಳೋಣ. ಸ್ಟೇಟಸ್ ರಾತ್ರಿ ಹಾಕಿದರಾಯಿತು, ಬೆಳಿಗ್ಗೆ ಎತ್ತಿನ ಮೈ ತೊಳೆಯಲು ಕೈ ಬೇಕು.