ತಪ್ಪಿಗೂ ಒಂದು ಲೆಕ್ಕವುಂಟು

ಸಂಜೆಯ ದೀಪ ಹೊತ್ತಿತ್ತು. ನಡುಮನೆಯಲ್ಲಿ ಚಾಪೆಯ ಮೇಲೆ ನಾಲ್ಕನೆಯ ತರಗತಿಯ ಬಾಲಕನೊಬ್ಬ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ತಲೆ ತಗ್ಗಿಸಿ ಕುಳಿತಿದ್ದ. ಎದುರಿಗೆ ಮನೆಪಾಠಕ್ಕೆ ಹೊಸದಾಗಿ ಬಂದ ಮೇಷ್ಟರು. ಅಡುಗೆಮನೆಯಿಂದ ತಾಯಿಯ ದನಿ ಕೇಳಿಬಂತು:

“ಇವನಿಗೆ ಗಮನವೆಂಬುದೇ ಇಲ್ಲ, ಮೇಷ್ಟರೇ. ಒಂದು ಲೆಕ್ಕ ಸರಿಮಾಡಿದರೆ ಮೂರು ತಪ್ಪುಮಾಡುತ್ತಾನೆ. ದಡ್ಡನೆಂದು ಶಾಲೆಯಲ್ಲಿಯೂ ಹೇಳಿಬಿಟ್ಟಿದ್ದಾರೆ. ನೀವು ಸ್ವಲ್ಪ ಗದರಿಸಿ ಹೇಳಿ.”

ಮೇಷ್ಟರು ಗದರಿಸಲಿಲ್ಲ. ಪುಸ್ತಕವನ್ನು ತೆಗೆದುಕೊಂಡು ನೋಡಿದರು. 79ರಲ್ಲಿ 36 ಕಳೆದರೆ 43: ಸರಿ. 52ರಲ್ಲಿ 27 ಕಳೆದರೆ 35: ತಪ್ಪು. 81ರಲ್ಲಿ 46 ಕಳೆದರೆ 45: ತಪ್ಪು. 40ರಲ್ಲಿ 13 ಕಳೆದರೆ 33: ಅದೂ ತಪ್ಪು. ತಪ್ಪಿದ್ದ ಕಡೆಯೆಲ್ಲ ಕೆಂಪು ಮಸಿಯ ಗೀಟುಗಳು.

“ಈ ಎರಡನೆಯದನ್ನು ಹೇಗೆ ಮಾಡಿದೆಯಪ್ಪಾ? ಬಾಯಿಬಿಟ್ಟು ಹೇಳು, ಕೇಳೋಣ” ಎಂದರು.

ಬಾಲಕ ಅಂಜುತ್ತಲೇ ಹೇಳಿದ: “ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕಲ್ಲವೇ ಸಾರ್? ಏಳರಲ್ಲಿ ಎರಡು ಹೋದರೆ ಐದು. ಐದರಲ್ಲಿ ಎರಡು ಹೋದರೆ ಮೂರು. ಮೂವತ್ತೈದು.”

ಗುಟ್ಟು ಬಯಲಾಯಿತು. ಹುಡುಗನಲ್ಲಿ ಗಮನದ ಕೊರತೆ ಇರಲಿಲ್ಲ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಎಂದು ಎಂದೋ ಕೇಳಿದ್ದ ಮಾತನ್ನು ಅವನು ಒಂದೊಂದು ಅಂಕಿಗೂ ನಿಷ್ಠೆಯಿಂದ ಅನ್ವಯಿಸುತ್ತ ಬಂದಿದ್ದ. ಮೇಲಿನ ಅಂಕಿ ದೊಡ್ಡದಾಗಿದ್ದರೆ ಉತ್ತರ ಸರಿ. ಕೆಳಗಿನದು ದೊಡ್ಡದಾಗಿದ್ದರೆ ತಪ್ಪು. ಪುಸ್ತಕದಲ್ಲಿ ಕಂಡ ತಪ್ಪುಗಳು ಮೂರಾದರೂ ಅವುಗಳ ಬೇರು ಒಂದೇ.

1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಮಕ್ಕಳ ಇಂತಹ ತಪ್ಪುಗಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಮಕ್ಕಳು ಮನಬಂದಂತೆ ತಪ್ಪುವುದಕ್ಕಿಂತ, ತಪ್ಪಾದ ನಿಯಮವನ್ನೇ ಕ್ರಮವಾಗಿ ಪಾಲಿಸುವುದುಂಟು ಎಂಬುದು ಅದರ ತಿರುಳು. ತಪ್ಪಿಗೂ ಒಂದು ಲೆಕ್ಕವುಂಟು. ಆದರೆ ನಲವತ್ತು ಪುಸ್ತಕಗಳನ್ನು ತಿದ್ದಬೇಕಾದ ಶಾಲೆಯ ಉಪಾಧ್ಯಾಯರಿಗೆ ಆ ಲೆಕ್ಕವನ್ನು ಕಾಣಲು ಬಿಡುವೆಲ್ಲಿ? ಒಂದೇ ಮಗುವಿನೆದುರು ಕುಳಿತವರಿಗೆ ಆ ಬಿಡುವುಂಟು. ಮನೆಪಾಠದ ನಿಜವಾದ ಬಲ ಇದೇ.

1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಶಿಕ್ಷಣತಜ್ಞರು ಒಬ್ಬೊಬ್ಬರಿಗೇ ಹೇಳುವ ಪಾಠದ ಫಲವನ್ನು ವಿವರಿಸುತ್ತ, ಹಾಗೆ ಕಲಿತ ಸಾಧಾರಣ ವಿದ್ಯಾರ್ಥಿ ತರಗತಿಯಲ್ಲಿ ಕಲಿತ ನೂರರಲ್ಲಿ 98 ಮಂದಿಯನ್ನು ಮೀರಿಸಬಲ್ಲನೆಂದು ಬರೆದರು. ಮುಂದಿನ ಪ್ರಯೋಗಗಳಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೂ ಲಾಭವಿದೆಯೆಂಬುದು ಸುಳ್ಳಾಗಲಿಲ್ಲ. 2020ರಲ್ಲಿ ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿದಾಗ, ಆಫ್ರಿಕಾದ ಬೋಟ್ಸ್‌ವಾನದಲ್ಲಿ ವಾರಕ್ಕೊಮ್ಮೆ ಸುಮಾರು ಇಪ್ಪತ್ತು ನಿಮಿಷ ದೂರವಾಣಿಯಲ್ಲಿಯೇ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು. ಬರೆದ ಸಂದೇಶವನ್ನಷ್ಟೇ ಪಡೆದ ಮಕ್ಕಳಲ್ಲಿ ಹೇಳಿಕೊಳ್ಳುವಂತಹ ಪ್ರಗತಿ ಕಾಣಲಿಲ್ಲ. ಜೊತೆಗೆ ಮನುಷ್ಯನ ದನಿಯನ್ನೂ ಕೇಳಿದ ಮಕ್ಕಳು ಮುಂದುವರಿದರು.

ಹಾಗೆಂದ ಮಾತ್ರಕ್ಕೆ ಶುಲ್ಕ ಕೊಟ್ಟೊಡನೆ ವಿದ್ಯೆ ಬಂದೀತೆಂದಲ್ಲ. 2022ರ ‘ಅಸರ್’ ಸಮೀಕ್ಷೆಯಂತೆ ಭಾರತದ ಹಳ್ಳಿಗಳಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿ ಹಣ ತೆತ್ತು ಪಾಠ ಹೇಳಿಸಿಕೊಳ್ಳುತ್ತಿದ್ದರು. ಅದೇ ವರ್ಷ ಐದನೆಯ ತರಗತಿಯ ಮಕ್ಕಳಲ್ಲಿ ಭಾಗಾಕಾರ ಬಲ್ಲವರು ನೂರಕ್ಕೆ ಸುಮಾರು 26 ಮಂದಿ ಮಾತ್ರ. ಹೀಗೆ ಹೇಳಿಸಿಕೊಳ್ಳುವ ಪಾಠವೆಲ್ಲ ಒಬ್ಬರಿಗೊಬ್ಬರ ಪಾಠವಲ್ಲ. ಒಬ್ಬರಿಗೇ ಹೇಳಿದರೂ, ಮರುದಿನದ ಲೆಕ್ಕವನ್ನು ಮೇಷ್ಟರೇ ಮಾಡಿಕೊಟ್ಟು ಎದ್ದುಹೋದರೆ ಪುಸ್ತಕ ತುಂಬೀತೇ ಹೊರತು ಮಗುವಿನ ಸಂದೇಹ ಹಾಗೆಯೇ ಉಳಿದೀತು.

ನಡುಮನೆಯ ಮೇಷ್ಟರು ಹಾಗೆ ಮಾಡಲಿಲ್ಲ. ಹತ್ತು ರೂಪಾಯಿಯ ಐದು ನೋಟುಗಳನ್ನೂ ಒಂದು ರೂಪಾಯಿಯ ಎರಡು ನಾಣ್ಯಗಳನ್ನೂ ಚಾಪೆಯ ಮೇಲಿಟ್ಟು, “ಇದರಲ್ಲಿ ನನಗೆ ಇಪ್ಪತ್ತೇಳು ರೂಪಾಯಿ ಕೊಡು” ಎಂದರು. ಹುಡುಗ ಎರಡು ನೋಟು, ಎರಡು ನಾಣ್ಯ ಕೊಟ್ಟು ಕೈ ತಡೆದ.

“ಇನ್ನೂ ಐದು ಬೇಕು ಸಾರ್. ಚಿಲ್ಲರೆ ಇಲ್ಲ.”

“ಹಾಗಾದರೆ?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ನೋಟನ್ನು ಹಿಡಿದುಕೊಂಡು ಅಡುಗೆಮನೆಗೆ ಓಡಿದ. ತಾಯಿ ಸಾಸಿವೆ ಡಬ್ಬಿಯಿಂದ ಹತ್ತು ನಾಣ್ಯಗಳನ್ನು ಎಣಿಸಿಕೊಟ್ಟರು. ಮೇಷ್ಟರಿಗೆ ಐದನ್ನು ಕೊಟ್ಟ ಮೇಲೆ ಚಾಪೆಯ ಮೇಲೆ ಎರಡು ನೋಟು, ಐದು ನಾಣ್ಯ ಉಳಿದವು.

“ಇಪ್ಪತ್ತೈದು!” ಎಂದ ಹುಡುಗ. ಯಾರೂ ಹೇಳದೆಯೇ ಸೀಸದಕಡ್ಡಿ ಹಿಡಿದು 35ನ್ನು ಹೊಡೆದುಹಾಕಿದ. 81ರ ಲೆಕ್ಕ 35 ಆಯಿತು, 40ರ ಲೆಕ್ಕ 27 ಆಯಿತು. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗದರಿಸಿ ಎಂಬ ಮಾತು ಮತ್ತೆ ಬರಲಿಲ್ಲ.

ದಡ್ಡನೆಂಬ ಹೆಸರನ್ನು ಮಗು ಒಮ್ಮೆ ನಂಬಿತೆಂದರೆ ಅದನ್ನು ಅಳಿಸಲು ಯಾವ ಸೀಸದಕಡ್ಡಿಯೂ ಸಾಲದು. ಆ ಹೆಸರನ್ನಿಡುವ ಮೊದಲು ‘ಹೇಗೆ ಮಾಡಿದೆ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವುದು ಲೇಸು. ಮೇಷ್ಟರನ್ನು ಗೊತ್ತುಮಾಡುವ ಅನುಕೂಲವಿಲ್ಲದ ಮನೆಯಲ್ಲಿಯೂ ತಂದೆತಾಯಿಯರು ಅಷ್ಟನ್ನು ಕೇಳಬಹುದು. ಅದಕ್ಕೆ ಶುಲ್ಕವಿಲ್ಲ.