ದೋಣಿಗೆ ಭಾರ ಹೇರುವ ಮೋಜು: ಅಲೆ ಯಾರ ದಡಕ್ಕೆ?

ಈ ರೀಲ್ಸ್ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ದೊಡ್ಡ ಸರೋವರ, ಮಿರಮಿರ ಮಿಂಚುವ ಮೋಟಾರ್ ಬೋಟು, ಅದರ ಹಿಂದೆ ಹಲಗೆಯ ಮೇಲೆ ನಿಂತ ಹುಡುಗ. ಬೋಟಿಗೆ ಕಟ್ಟಿದ ಹಗ್ಗ ಹಿಡಿದು ಅಲೆಯಿಂದ ಮೇಲಕ್ಕೆ ಜಿಗಿದರೆ ಅದು ವೇಕ್‌ಬೋರ್ಡ್. ಹಗ್ಗ ಬಿಟ್ಟು, ಬೋಟಿನ ಬೆನ್ನಿಗೇ ಏಳುವ ಅಲೆಯ ಮೇಲೆ ಜಾರುತ್ತಾ ಬಂದರೆ ವೇಕ್‌ಸರ್ಫ್. ಇಂಥ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಕೆಲಸಕ್ಕೆ ಹೋದ ನಮ್ಮ ಕಡೆಯವರೂ ಬೇಸಿಗೆ ರಜೆಯಲ್ಲಿ ಬೋಟು ಬಾಡಿಗೆಗೆ ಹಿಡಿದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ನೋಡಿದವರಿಗೆ ಏಳುವ ಪ್ರಶ್ನೆ ಒಂದೇ: ಸಮುದ್ರವೇ ಅಲ್ಲದ ಕಡೆ ಸೊಂಟದೆತ್ತರದ ಅಲೆ ಬಂದದ್ದು ಹೇಗೆ?

ಭಾರ ಹೇರಿ. ಇಷ್ಟೇ ಗುಟ್ಟು. ಇದಕ್ಕೆ ಅವರು ಬ್ಯಾಲಸ್ಟ್ ಅನ್ನುತ್ತಾರೆ. ದಪ್ಪ ಪ್ಲಾಸ್ಟಿಕ್ ಚೀಲಗಳನ್ನು ಬೋಟಿನ ಮೂಲೆಗಳಲ್ಲಿ ಹಾಸಿ, ಪಂಪು ಹಾಕಿ ಸರೋವರದ ನೀರನ್ನೇ ತುಂಬಿಸುತ್ತಾರೆ. ಈಗಿನ ಬೋಟುಗಳಲ್ಲಿ ಕಂಪನಿಯವರೇ ಒಳಗೆ ಟ್ಯಾಂಕು ಕೂರಿಸಿರುತ್ತಾರೆ. ಅದೂ ಸಾಲದೆಂದು ಮೇಲಿಂದ ಚೀಲ ಇಡುವವರಿದ್ದಾರೆ, ಸೀಸದ ತುಂಡು ತುಂಬಿದ ಮೂಟೆ ಇಡುವವರೂ ಇದ್ದಾರೆ. ಎರಡು ಟನ್ ತೂಗುವ ಬೋಟಿಗೆ ಒಂದು, ಒಂದೂವರೆ ಟನ್ ಹೆಚ್ಚುವರಿ ಭಾರ ಅಲ್ಲಿ ಅಪರೂಪವಲ್ಲ.

ಹೀಗೆ ಭಾರ ಹೇರುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಅದೊಂದು ಆಟ, ಅದಕ್ಕೂ ಒಂದು ಲೆಕ್ಕಾಚಾರವಿದೆ. ಆದರೆ ಭಾರ ಹೇರಿದವರು ಬೋಟಿನ ಒಳಗಿನ ಜೀವಕ್ಕೂ ಹೊರಗಿನ ದಡಕ್ಕೂ ಹೊಣೆ ಹೊರಬೇಕು. ರೀಲ್ಸಿನಲ್ಲಿ ಇವೆರಡೂ ಕಾಣುವುದಿಲ್ಲ.

ಮೊದಲು ಲೆಕ್ಕ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಎರಡು ಟನ್ ಬೋಟು ಸರಿಸುವುದು ಎರಡು ಸಾವಿರ ಲೀಟರ್, ಅಂದರೆ ಮದುವೆ ಮನೆಗೆ ನೀರು ತರುವ ಟ್ರ್ಯಾಕ್ಟರ್ ಟ್ಯಾಂಕರಿನ ಸುಮಾರು ಅರ್ಧ. ಒಂದೂವರೆ ಟನ್ ಸೇರಿಸಿದರೆ ಮೂರೂವರೆ ಸಾವಿರ ಲೀಟರ್. ಹಗುರ ಬೋಟು ವೇಗ ಹಿಡಿದಾಗ ಮೇಲೆದ್ದು ನೀರಿನ ಮೇಲ್ಮೈಯಲ್ಲೇ ಜಾರುತ್ತದೆ, ಹಿಂದೆ ಬರೀ ನೊರೆ. ಭಾರದ ಬೋಟು ಏಳಲಾರದೆ ನೇಗಿಲಿನ ಹಾಗೆ ನೀರನ್ನು ಉಳುತ್ತಾ ಹೋಗುತ್ತದೆ. ಸರ್ಫ್ ಆಟಕ್ಕೆ ಗಂಟೆಗೆ 16ರಿಂದ 19 ಕಿ.ಮೀ. ವೇಗ ಸಾಕು, ಸೈಕಲ್ಲಿನ ವೇಗ. ಹಗ್ಗ ಹಿಡಿದು ಜಿಗಿಯುವವರಿಗೆ 32ರಿಂದ 38 ಕಿ.ಮೀ. ಬೇಕು. ವಾಟರ್ ಸ್ಕೀ ಆಡುವವರಿಗೋ ಅಲೆಯೇ ಬೇಡ, ಅವರು ಬೋಟಿನ ಭಾರ ಇಳಿಸಲು ನೋಡುತ್ತಾರೆ.

ಎಷ್ಟು ಭಾರ ಎನ್ನುವಷ್ಟೇ ಎಲ್ಲಿ ಭಾರ ಎನ್ನುವುದೂ ಮುಖ್ಯ. ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಜಜ್ಜುತ್ತದೆ. ಬೋಟಿನ ಹಿಂದೆ ಭಾರ ಹೆಚ್ಚಿದರೆ ಅಲೆ ಎತ್ತರವಾಗಿ ಕಡಿದಾಗಿ ಏಳುತ್ತದೆ. ಸ್ವಲ್ಪ ಮುಂದಕ್ಕೂ ಹಂಚಿದರೆ ಅಲೆ ಉದ್ದವಾಗಿ ಹರಡುತ್ತದೆ. ಸರ್ಫ್ ಆಡುವವರು ತಾವು ಜಾರುವ ಪಕ್ಕಕ್ಕೆ ಹೆಚ್ಚು ಭಾರ ಹಾಕಿ ಬೋಟನ್ನು ಬೇಕೆಂದೇ ವಾಲಿಸುವುದೂ ಉಂಟು.

ಅಪಾಯ ಇರುವುದು ಇಲ್ಲಿಯೇ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಾವು ಮನುಷ್ಯರ ಗುಣಕ್ಕೆ ಹೇಳುತ್ತೇವೆ, ಬೋಟಿನಲ್ಲಿ ಅದು ಅಕ್ಷರಶಃ ನಿಜ. ಅರ್ಧ ತುಂಬಿದ ಚೀಲದಲ್ಲಿ ನೀರು ತಿರುವಿನಲ್ಲಿ ಒಂದೇ ಪಕ್ಕಕ್ಕೆ ನುಗ್ಗುತ್ತದೆ. ವಾಲಿದ ಬೋಟು ಇನ್ನಷ್ಟು ವಾಲುತ್ತದೆ. ತುಂಬಿದರೆ ಪೂರ್ತಿ ತುಂಬಬೇಕು, ಇಲ್ಲವೇ ಖಾಲಿ ಬಿಡಬೇಕು, ಚೀಲ ಅತ್ತಿತ್ತ ಸರಿಯದಂತೆ ಬಿಗಿಯಬೇಕು. ಸೀಸದ ಮೂಟೆ ನಮಗಂತೂ ಸರಿ ಕಾಣುವುದಿಲ್ಲ. ಬೋಟಿನೊಳಗೆ ನೀರು ನುಗ್ಗಿತು ಅನ್ನಿ. ನೀರಿನ ಚೀಲ ನೀರಿನಲ್ಲಿ ಮುಳುಗಿದಾಗ ಕೆಳಕ್ಕೆ ಎಳೆಯುವುದಿಲ್ಲ, ನೀರೊಳಗೆ ಅದ್ದಿದ ತುಂಬಿದ ಬಿಂದಿಗೆ ಹಗುರ ಅನಿಸುವ ಹಾಗೆ. ಸೀಸ ಮಾತ್ರ ಬೋಟನ್ನು ತಳಕ್ಕೇ ಒಯ್ಯುತ್ತದೆ.

ಬೋಟಿನ ಮೂಗಿಗೆ ಭಾರ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ 2014ರಲ್ಲಿ ಜಾರ್ಜಿಯಾ ರಾಜ್ಯದ ಬರ್ಟನ್ ಸರೋವರದಲ್ಲಿ ನಡೆದ ದುರಂತವಿದೆ. ಬೋಟಿನ ಮುಂಭಾಗದಲ್ಲಿ ಜನ ಕುಳಿತಿದ್ದರು. ಬೋಟು ತಾನೇ ಎಬ್ಬಿಸಿದ ಅಲೆಗೆ ಮೂಗು ತೂರಿಸಿತು, ನೀರು ಒಳನುಗ್ಗಿ 7 ವರ್ಷದ ಹುಡುಗನನ್ನು ಹೊರಗೆಳೆದುಕೊಂಡಿತು. ಹುಡುಗ ಪ್ರೊಪೆಲ್ಲರಿಗೆ ಸಿಕ್ಕಿ ತೀರಿಕೊಂಡ. ಅಪಾಯದ ಬಗ್ಗೆ ಸರಿಯಾದ ಎಚ್ಚರಿಕೆ ಕೊಟ್ಟಿರಲಿಲ್ಲವೆಂದು ತಯಾರಕರ ಮೇಲೆ ದಾವೆ ನಡೆದು, 2021ರಲ್ಲಿ ಜ್ಯೂರಿ 20 ಕೋಟಿ ಡಾಲರ್ ಪರಿಹಾರ ಹೇಳಿತು. ಆಮೇಲೆ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರ್ ಬೋಟುಗಳಿಗೆ ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಫಲಕ ಕಡ್ಡಾಯ. ಅಲೆ ಎಬ್ಬಿಸುವ ಬೋಟುಗಳು ಹೆಚ್ಚಾಗಿ ಅದಕ್ಕಿಂತ ಉದ್ದ. ಅಲ್ಲಿ ಫಲಕ ಇದ್ದರೆ ಅದು ತಯಾರಕರು ತಾವಾಗಿ ಹಾಕಿದ್ದು. ಜನ ಮರೆಯುವುದು ಏನೆಂದರೆ, ಮನುಷ್ಯರೂ ಭಾರವೇ. ಫಲಕದಲ್ಲಿ 1,000 ಕೆಜಿ ಎಂದಿದ್ದು 8 ಜನ ಹತ್ತಿದರೆ ತಲೆಗೆ 70 ಕೆಜಿಯಂತೆ 560 ಆಯಿತು. ಉಳಿದ 440ರಲ್ಲೇ ಊಟದ ಡಬ್ಬಿ, ಸಾಮಾನು, ಮೇಲಿಂದ ಇಟ್ಟ ಚೀಲ ಎಲ್ಲ ಬರಬೇಕು. ಕಂಪನಿಯ ಟ್ಯಾಂಕಿಗೆ ಲೆಕ್ಕ ಬೇರೆ ಇರಬಹುದು, ಅದನ್ನು ಬೋಟಿನ ಕೈಪಿಡಿ ನೋಡಿಯೇ ತಿಳಿಯಬೇಕು. ಇನ್ನಿಬ್ಬರು ಹತ್ತುತ್ತಾರೆಂದರೆ ಅಷ್ಟು ನೀರು ಹೊರಗೆ ಹೋಗಬೇಕು. ಮಿತಿ ಮೀರಿ ಜನ ಹತ್ತಿಸಿದರೆ ಏನಾಗುತ್ತದೆಂದು ನಮಗೆ ಬೇರೆ ದೇಶದವರು ಕಲಿಸಬೇಕಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು.

ಇನ್ನು ದಡದ ಮಾತು. ಆಟ ಮುಗಿದು ಹುಡುಗ ನಗುತ್ತಾ ಬೋಟು ಹತ್ತಿದ ಮೇಲೂ ಅಲೆ ಹೋಗುತ್ತಲೇ ಇರುತ್ತದೆ. ದಡದ ಮಣ್ಣು ಕುಸಿಯುತ್ತದೆ, ಕಟ್ಟಿದ ಸಣ್ಣ ದೋಣಿಗಳು ಕಂಬಕ್ಕೆ ಬಡಿಯುತ್ತವೆ. ಬೋಟಿನ ಹಿಂಭಾಗ ತಗ್ಗಿರುವುದರಿಂದ ಪ್ರೊಪೆಲ್ಲರಿನ ರಭಸ ಕೆಳಮುಖವಾಗಿ ಹೋಗಿ ತಳದ ಕೆಸರನ್ನು ಕದಡುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದವರು ಇದನ್ನು ಅಳೆದು 2022ರಲ್ಲಿ ವರದಿ ಕೊಟ್ಟರು. ಸಾಮಾನ್ಯ ಬೋಟಿನ ಅಲೆ 200 ಅಡಿ ದೂರದಲ್ಲಿ ಎಷ್ಟಿರುತ್ತದೋ ಅಷ್ಟಕ್ಕೆ ಇಳಿಯಲು ಸರ್ಫ್ ಬೋಟಿನ ಅಲೆಗೆ 500 ಅಡಿಗಿಂತ ಹೆಚ್ಚು ದೂರ ಬೇಕು. ವರ್ಮಾಂಟ್ ರಾಜ್ಯ 2024ರಿಂದ ನಿಯಮವನ್ನೇ ತಂದಿದೆ. ದಡದಿಂದ 500 ಅಡಿ ದೂರ, ಕನಿಷ್ಠ 20 ಅಡಿ ಆಳ, ಇವೆರಡೂ ಇರುವ ಜಾಗ ಒಂದೇ ಕಡೆ 50 ಎಕರೆಯಾದರೂ ಇರಬೇಕು. ಇಲ್ಲದಿದ್ದರೆ ಅಲ್ಲಿ ಈ ಆಟವಿಲ್ಲ.

ಗಾಳಿಗೂ ಅಲೆ ಏಳುತ್ತದಲ್ಲ, ಅದಕ್ಕೇನು ಮಾಡುತ್ತೀರಿ ಎಂದು ಬೋಟಿನವರು ಕೇಳುತ್ತಾರೆ. ಗಾಳಿಗೆ ಯಾರೂ ಚಾಲಕರಿಲ್ಲ. ಬೋಟಿನ ಥ್ರಾಟಲ್ ಮೇಲೆ ಒಂದು ಕೈ ಇದೆ, ಬೇಕಾದರೆ ನಡುನೀರಿಗೆ ಹೋಗಬಹುದು.

ಚೀಲದೊಳಗಿನ ನೀರಿನದೂ ಒಂದು ಕಥೆಯಿದೆ. ಪಂಪು ಎಳೆದುಕೊಂಡ ನೀರು ಪೂರ್ತಿ ಖಾಲಿಯಾಗುವುದಿಲ್ಲ. ಜೀಬ್ರಾ ಮಸಲ್ ಎಂಬ ಪರದೇಶಿ ಚಿಪ್ಪುಜೀವಿಯ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಉಳಿದ ನೀರಿನಲ್ಲೇ ಕೂತು ಮುಂದಿನ ಸರೋವರ ಸೇರಿಬಿಡಬಲ್ಲವು. ಅದಕ್ಕೇ ವರ್ಮಾಂಟಿನಲ್ಲಿ ಇಂಥ ಬೋಟಿಗೆ ಒಂದು ಋತುವಿಗೆ ಒಂದೇ ಸರೋವರ, ಬೇರೆಡೆ ಒಯ್ಯುವುದಾದರೆ ಮೊದಲು ಶುದ್ಧಿ. ದಕ್ಷಿಣ ಅಮೆರಿಕದಿಂದ ಬಂದ ನೀಲಿ ಹೂವಿನ ಜಲಕಳೆ ನಮ್ಮ ಕೆರೆಗಳನ್ನು ಮುಚ್ಚಿರುವುದನ್ನು ಕಂಡವರಿಗೆ ಈ ನಿಯಮ ಅತಿರೇಕ ಅನ್ನಿಸಲಿಕ್ಕಿಲ್ಲ.

ಇದೆಲ್ಲ ನಮಗೇಕೆ? ನಮ್ಮ ಹಿನ್ನೀರುಗಳಿಗೂ ಜಲಕ್ರೀಡೆ ಬರುತ್ತಿದೆ, ಸ್ಪೀಡ್ ಬೋಟು, ಜೆಟ್ ಸ್ಕೀ ಕೆಲವು ಕಡೆ ಓಡುತ್ತಲೂ ಇವೆ. ಭಾರದ ಬೋಟು ಬರುವ ಮೊದಲೇ ನಿಯಮ ಬರೆದಿಡುವುದು ಒಳ್ಳೆಯದು. ನಮ್ಮ ದಡದಲ್ಲಿ ಬಂಗಲೆಗಳಿಲ್ಲ. ತೆಪ್ಪದಲ್ಲಿ ಕೂತು ಬಲೆ ಬಿಡುವವರಿದ್ದಾರೆ, ಬಟ್ಟೆ ಒಗೆಯುವವರಿದ್ದಾರೆ, ನೀರಿಗಿಳಿದ ದನಗಳಿವೆ. ಸೊಂಟದೆತ್ತರದ ಅಲೆ ತೆಪ್ಪಕ್ಕೆ ಬಡಿದರೆ ಯಾರೂ ಅದನ್ನು ರೀಲ್ಸ್ ಮಾಡುವುದಿಲ್ಲ.

ಆದ್ದರಿಂದ ಹಿನ್ನೀರ ಬದಿಯ ಪಂಚಾಯಿತಿ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟು. ಬೋಟಿಂಗ್ ವಿಷಯ ಗ್ರಾಮಸಭೆಗೆ ಬಂದಾಗ ದಡದಿಂದ ಎಷ್ಟು ದೂರ, ಬೋಟಿನ ಮೇಲೆ ತೂಕದ ಫಲಕ ಇದೆಯೇ, ಬಲೆ ಬಿಡುವ ಹೊತ್ತಿನಲ್ಲಿ ಬೋಟು ನಿಲ್ಲುತ್ತದೆಯೇ ಎಂದು ಕೇಳಿ. ಆಳದ ಲೆಕ್ಕ ತೋರಿಸಿದರೆ ಯಾವ ತಿಂಗಳು ಅಳೆದದ್ದು ಎಂದೂ ಕೇಳಿ. ಮಳೆಗಾಲ ಮುಗಿದಾಗ ತುಂಬಿರುವ ಹಿನ್ನೀರು ಏಪ್ರಿಲ್, ಮೇ ಹೊತ್ತಿಗೆ ಇಳಿದು ಮುಳುಗಿದ್ದ ಮರದ ಬೊಡ್ಡೆಗಳು ತಲೆ ಎತ್ತುತ್ತವೆ, ಪ್ರವಾಸಿಗರು ಬರುವುದೂ ಆಗಲೇ.