ಹಿನ್ನೀರಿನ ನೋಟ, ಮುಳುಗಿದ ಊರು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದವು. ತುಮರಿ ಸೀಮೆ ದ್ವೀಪದಂತಾಯಿತು. ಸುತ್ತುಬಳಸಿನ ರಸ್ತೆಯೊಂದನ್ನು ಬಿಟ್ಟರೆ ಅಲ್ಲಿನವರಿಗೆ ದಶಕಗಳ ಕಾಲ ಲಾಂಚೇ ಗತಿ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಅದನ್ನು ಹಳಿಯುವವರು ಇರುಳಿನಲ್ಲಿ ರೋಗಿಯೊಡನೆ ದಡದಲ್ಲಿ ಕುಳಿತವರಲ್ಲ. ಆದರೆ ಅದೇ ಹಾದಿಯಲ್ಲಿ ಪ್ರವಾಸಿ ವಾಹನಗಳೂ ಬರುತ್ತಿವೆ.

ದ್ವೀಪ ನೋಡಬಯಸುವವರು ಎಂಟು-ಹತ್ತು ಮಂದಿಯ ತಂಡವಾಗಿ, ಊರಿನವರನ್ನೇ ಮಾರ್ಗದರ್ಶಿಯಾಗಿ ಪಡೆದು ನಡೆಯುವುದು ಲೇಸು. ಊರಿನವರು ನೀರಿನ ಚೆಲುವನ್ನಷ್ಟೇ ತೋರಿಸುವುದಿಲ್ಲ; ಬೇಸಿಗೆಯಲ್ಲಿ ತಲೆಯೆತ್ತುವ ಮಡೆನೂರಿನ ಹಳೆಯ ಅಣೆಕಟ್ಟನ್ನೂ, ಅಜ್ಜನ ಗದ್ದೆಯಿದ್ದ ದಿಕ್ಕನ್ನೂ ತೋರಿಸುತ್ತಾರೆ. ಊಟವೂ ಊರ ಮನೆಯಲ್ಲೇ ಆದರೆ ಹಣ ಅಲ್ಲಿಯೇ ಉಳಿಯುತ್ತದೆ. ದಡದಲ್ಲಿ ರೆಸಾರ್ಟಿಗೆ ಜಾಗ ಅಳೆಯುವ ಮುನ್ನ, ನಾಡಿಗೆ ಬೆಳಕು ಕೊಟ್ಟು ನೆಲ ಕಳೆದುಕೊಂಡವರ ಭೂಮಿಯ ಹಕ್ಕು ಇತ್ಯರ್ಥವಾಗಬೇಕು.